ಒಂದೇ ಟ್ರೈಪಾಡ್ ಮನೆಯ ಸ್ಟುಡಿಯೋಗೂ ನಂದಿಬೆಟ್ಟಕ್ಕೂ ಆಗುತ್ತಾ?

ಬಸವನಗುಡಿ ಬಾಲ್ಕನಿ
ಭಾನುವಾರ, ರಾತ್ರಿ 9:20

ನಮಸ್ಕಾರ. ಎರಡು ವಾರದಿಂದ ಟ್ರೈಪಾಡ್ ಹುಡುಕಿ ಹುಡುಕಿ ತಲೆ ಚಿಟ್ಟು ಹಿಡಿದಿದೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉಲ್ಟಾ ಹೇಳುತ್ತಾರೆ. ಅದಕ್ಕೇ ನನ್ನ ಕಥೆ ಪೂರ್ತಿ ಬರೆಯುತ್ತೇನೆ, ಓದಿ ಹೇಳಿ.

ಅತ್ತಿಗೆ ಮನೆಯಿಂದಲೇ ಸೀರೆ, ಟೆಂಪಲ್ ಜ್ಯುವೆಲರಿ ಮಾರುತ್ತಾರೆ. ಅದರ ಫೋಟೊ ತೆಗೆಯುವ ಕೆಲಸ ನನ್ನದು. ಸಂಬಳ ಇಲ್ಲ, ಊಟ ಇದೆ. ಮಹಡಿ ಮೇಲೆ ಹತ್ತಕ್ಕೆ ಹನ್ನೆರಡು ಅಡಿಯ ಒಂದು ರೂಮು. ಒಂದು ಕಡೆ ದೊಡ್ಡ ಕಿಟಕಿ, ಎರಡು ಎಲ್‌ಇಡಿ ಲೈಟು, ಕೆಳಗೆ ಮೊಸಾಯಿಕ್ ನೆಲ. ಒಂದು ದಿನಕ್ಕೆ ಮೂವತ್ತು ನಲವತ್ತು ಸೀರೆ ಮುಗಿಸಬೇಕು. ಭಾನುವಾರ ಬಂದರೆ ಸ್ಕೂಟರ್ ಹತ್ತಿ ಹೆಸರಘಟ್ಟ, ನಂದಿಬೆಟ್ಟ ಅಂತ ಹೊರಡುತ್ತೇನೆ.

ಕ್ಯಾಮೆರಾ ಮಿರರ್‌ಲೆಸ್. 24-105 ಲೆನ್ಸ್ ಹಾಕಿದರೆ ಹೆಚ್ಚುಕಡಿಮೆ 1.4 ಕೆ.ಜಿ. ಇನ್ನೊಂದು 70-300 ಇದೆ. ನನ್ನ ಎತ್ತರ 5 ಅಡಿ 4 ಇಂಚು.

ಈಗ ಇರುವುದು ಎರಡೂವರೆ ಸಾವಿರದ ಟ್ರೈಪಾಡ್. ಆರೇ ತಿಂಗಳಿಗೆ ಕಾಲು ಸೇರುವ ಜಾಗದ ಪ್ಲಾಸ್ಟಿಕ್ ಬಿರುಕು ಬಿಟ್ಟಿತು. ಕ್ಯಾಮೆರಾ ಇಟ್ಟು, ಗಟ್ಟಿ ಮಾಡಿ, ಕೈ ಬಿಟ್ಟರೆ ಲೆನ್ಸ್ ನಿಧಾನಕ್ಕೆ ಕೆಳಗೆ ಬಗ್ಗುತ್ತದೆ. ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಸುವ ಹುಡುಗನ ಹಾಗೆ. ಬಜೆಟ್ 15 ಸಾವಿರ. ಒಂದರಲ್ಲೇ ಎರಡೂ ಕೆಲಸ ಆಗಬೇಕು. ಆಗುತ್ತಾ?

ಹಳೇ ಸ್ಟುಡಿಯೋ
ಭಾನುವಾರ, ರಾತ್ರಿ 9:55

ಆಗುತ್ತದಮ್ಮ. ಆದರೆ ಎಲ್ಲೋ ಒಂದು ಕಡೆ ರಾಜಿ ಆಗಬೇಕು. ಯಾವ ಕಡೆ ಅನ್ನುವುದನ್ನು ನೀವೇ ಮೊದಲು ತೀರ್ಮಾನ ಮಾಡಿಕೊಳ್ಳಿ.

ನಾನು 1986ರಲ್ಲಿ ಚಾಮರಾಜಪೇಟೆಯ ಒಂದು ಸ್ಟುಡಿಯೋಗೆ ಕೆಲಸಕ್ಕೆ ಸೇರಿದವನು. ಅಲ್ಲಿ ತೇಗದ ಮರದ ಸ್ಟ್ಯಾಂಡ್ ಇತ್ತು, ಕೆಳಗೆ ಚಕ್ರ. ಎತ್ತಬೇಕಾದರೆ ಇಬ್ಬರು ಬೇಕು. ನಮ್ಮ ಯಜಮಾನರು ಅದಕ್ಕೆ ‘ಬಸವ’ ಅನ್ನುತ್ತಿದ್ದರು, ಕೂತರೆ ಏಳುವುದಿಲ್ಲ ಅಂತ. ಸ್ಟುಡಿಯೋಗೆ ಬೇಕಾದ್ದು ಅಂಥದ್ದೇ. ತೂಕ ಅಲ್ಲಿ ದೋಷ ಅಲ್ಲ, ಗುಣ.

ನಿಮ್ಮ ಕೆಲಸದಲ್ಲಿ ನಡುಕಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. ಮೊದಲನೇ ಸೀರೆಯ ಫೋಟೊ, ನಲವತ್ತನೇ ಸೀರೆಯ ಫೋಟೊ ಪಕ್ಕಪಕ್ಕ ಇಟ್ಟರೆ ಒಂದೇ ಅಳತೆ, ಒಂದೇ ಎತ್ತರ, ಒಂದೇ ಕೋನ ಇರಬೇಕು. ಇಲ್ಲದಿದ್ದರೆ ಅಂಗಡಿಯ ಪೇಜು ಸಂತೆ ಥರ ಕಾಣುತ್ತದೆ. ಅದಕ್ಕೆ ಕಾಲಿಗಿಂತ ಹೆಡ್, ಅಂದರೆ ಕಾಲಿನ ಮೇಲೆ ಕ್ಯಾಮೆರಾ ಕೂರಿಸಿ ತಿರುಗಿಸುವ ಭಾಗ, ಮುಖ್ಯ. ತ್ರೀ-ವೇ ಹೆಡ್ ತಗೊಳ್ಳಿ. ಮೂರು ಹಿಡಿ ಇರುತ್ತದೆ. ಒಂದು ಮೇಲೆ ಕೆಳಗೆ, ಒಂದು ಎಡ ಬಲ, ಒಂದು ಓರೆ. ಒಂದನ್ನು ಸಡಿಲ ಮಾಡಿದರೆ ಉಳಿದ ಎರಡು ಅಲುಗುವುದಿಲ್ಲ. ಬಾಲ್ ಹೆಡ್‌ನಲ್ಲಿ ಒಂದು ಗುಬುಟು ತಿರುಗಿಸಿದರೆ ಮೂರೂ ಒಟ್ಟಿಗೆ ಸಡಿಲ. ಸೆರಗಿನ ಅಂಚು ನೇರ ಮಾಡಲು ಹೋಗಿ ಎಲ್ಲ ಕೆಟ್ಟು ಮೊದಲಿಂದ ಶುರು.

ನೆಲದ ಮೇಲೆ ಮೂರು ಕಾಲು ಇರುವ ಕಡೆ ಟೇಪ್ ಅಂಟಿಸಿ. ಇದಕ್ಕೆ ದುಡ್ಡೇನೂ ಬೇಡ.

ಕೈಯೇ ಸಾಕು
ಭಾನುವಾರ, ರಾತ್ರಿ 10:10

ಈಗಿನ ಕ್ಯಾಮೆರಾದಲ್ಲಿ ಕೈ ನಡುಕ ಸರಿದೂಗಿಸುವ ಐದು ಸ್ಟಾಪ್ ಸ್ಟೆಬಿಲೈಸೇಶನ್ ಇದೆ. 50 ಎಂ.ಎಂ.ನಲ್ಲಿ ಅರ್ಧ ಸೆಕೆಂಡ್ ಕೈಯಲ್ಲೇ ಹಿಡಿದು ತೆಗೆದಿದ್ದೇನೆ, ಶಾರ್ಪ್ ಇದೆ. 15 ಸಾವಿರ ಸುಮ್ನೆ ಯಾಕೆ? ಆ ದುಡ್ಡಿಗೆ ಒಂದು ಫ್ಲ್ಯಾಶ್ ತಗೊಳ್ಳಿ. ಫ್ಲ್ಯಾಶ್ ಹೊಡೆದರೆ ಕೈ ನಡುಕವೂ ನಿಂತು ಹೋಗುತ್ತದೆ.

ಹಳೇ ಸ್ಟುಡಿಯೋ
ಭಾನುವಾರ, ರಾತ್ರಿ 10:22

ಫ್ಲ್ಯಾಶ್ ನಡುಕ ನಿಲ್ಲಿಸುತ್ತದೆ, ಒಪ್ಪಿದೆ. ಆದರೆ ನಲವತ್ತು ಸಲ ಅದೇ ಜಾಗದಲ್ಲಿ ನಿಮ್ಮನ್ನು ನಿಲ್ಲಿಸುತ್ತದಾ? ಜುಮುಕಿ ತೆಗೆಯುವಾಗ ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 11 ಇಟ್ಟರೂ ಮುಂದಿನ ಮುತ್ತು ಶಾರ್ಪ್, ಹಿಂದಿನ ಕೊಂಡಿ ಮಸುಕು. ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ ಹತ್ತೋ ಹದಿನೈದೋ ಫ್ರೇಮ್ ತೆಗೆದು ಜೋಡಿಸಬೇಕು. ಕೈಯಲ್ಲಿ ಹಿಡಿದು ಅದನ್ನು ಮಾಡಿ ತೋರಿಸಿ, ನಾನೇ ಕಾಫಿ ಕೊಡಿಸುತ್ತೇನೆ.

ಹಕ್ಕಿ ಹಿಂದೆ
ಸೋಮವಾರ, ಬೆಳಗ್ಗೆ 7:05

ಸ್ಟುಡಿಯೋ ಅಣ್ಣ ಹೇಳಿದ್ದು ರೂಮಿನೊಳಗೆ ಸರಿ. ಹೊರಗೆ ಬಂದರೆ ಕಥೆಯೇ ಬೇರೆ. ತ್ರೀ-ವೇ ಹೆಡ್‌ನ ಹಿಡಿಗಳು ಬ್ಯಾಗಿಗೆ, ಜಾಕೆಟ್ಟಿಗೆ, ಪೊದೆಗೆ ಎಲ್ಲದಕ್ಕೂ ಸಿಕ್ಕಿಕೊಳ್ಳುತ್ತವೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಚಳಿಗಾಲಕ್ಕೆ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿಗಳು ಬರುತ್ತವೆ. ಹುಲ್ಲಿನ ಮೇಲೆ ತೇಲಿಕೊಂಡು ಬಂದು ಥಟ್ಟನೆ ತಿರುಗುತ್ತವೆ. ನೀವು ಮೂರು ಹಿಡಿ ಸಡಿಲ ಮಾಡುವಷ್ಟರಲ್ಲಿ ಹಕ್ಕಿ ಯಲಹಂಕ ದಾಟಿರುತ್ತದೆ.

70-300 ತೂಕದ ಲೆನ್ಸ್‌ಗೆ ಗಿಂಬಲ್ ಹೆಡ್, ಅಂದರೆ ಭಾರದ ಲೆನ್ಸನ್ನು ಸಮತೂಕದಲ್ಲಿ ಹಿಡಿದು ತಿರುಗಿಸುವ ಹೆಡ್, ಬೇಡ. ಅದು 200-500, 150-600 ಥರದ ಎರಡು ಕೆ.ಜಿ. ಲೆನ್ಸ್ ಇಟ್ಟುಕೊಂಡ ನಮ್ಮಂಥ ಹುಚ್ಚರಿಗೆ. ನಿಮಗೆ ಒಂದು ಒಳ್ಳೆಯ ಬಾಲ್ ಹೆಡ್ ಸಾಕು. ಜತೆಗೆ ಬಿಗಿ ಹೊಂದಿಸುವ ಬೇರೆ ಗುಬುಟು ಇರಲಿ. ಅದನ್ನು ಸರಿಯಾಗಿ ಇಟ್ಟುಕೊಂಡರೆ ಮೇನ್ ಗುಬುಟು ಬಿಟ್ಟಾಗ ಕ್ಯಾಮೆರಾ ದಬಕ್ಕನೆ ಬೀಳುವುದಿಲ್ಲ.

ಇನ್ನೊಂದು ಮಾತು. ಎಲ್ಲ ಕಡೆಗೂ ಟ್ರೈಪಾಡ್ ಹೊತ್ತುಕೊಂಡು ಹೋಗಬೇಡಿ. ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಇಟ್ಟರೆ ದೋಣಿಯ ಅಲುಗಾಟವೆಲ್ಲ ನೇರ ಕ್ಯಾಮೆರಾಗೇ ಬರುತ್ತದೆ. ಅಲ್ಲಿ ನಮ್ಮ ಮೈಯೇ ಸ್ಪ್ರಿಂಗು. ಕಬಿನಿಯ ಸಫಾರಿ ಜೀಪಿನಲ್ಲಿ ಲೆನ್ಸಿನ ಅಡಿಗೆ ಬಟ್ಟೆ ಚೀಲ ಇಡಿ. ಮನೆಯಿಂದ ಖಾಲಿ ಚೀಲ ಒಯ್ದು ಅಲ್ಲೇ ಅಕ್ಕಿ ತುಂಬಿಸಿಕೊಳ್ಳುತ್ತೇನೆ. ವಾಪಸ್ ಬಂದ ಮೇಲೆ ಆ ಅಕ್ಕಿ ಅನ್ನ ಆಗುತ್ತದೆ.

ಲೆಕ್ಕದ ಮನುಷ್ಯ
ಸೋಮವಾರ, ಬೆಳಗ್ಗೆ 10:40

ಹೆಡ್ ಜಗಳ ಆಮೇಲೆ ಆಡೋಣ. ಮೊದಲು ಕಾಲು. ಮೇಡಂ ಎತ್ತರ 163 ಸೆಂ.ಮೀ. ಕಣ್ಣು ನೆತ್ತಿಗಿಂತ ಸುಮಾರು 11 ಸೆಂ.ಮೀ. ಕೆಳಗೆ ಇರುತ್ತದೆ, ಅಂದರೆ 152. ಅದರಲ್ಲಿ ಹೆಡ್ 10 ಕಳೆಯಿರಿ. ಕ್ಯಾಮೆರಾದ ಅಡಿಯಿಂದ ವ್ಯೂಫೈಂಡರ್‌ಗೆ 8 ಕಳೆಯಿರಿ. ಉಳಿದಿದ್ದು 134. ನಡುವಿನ ಕಂಬ ಎತ್ತದೆ, ಬರೀ ಕಾಲು ಬಿಚ್ಚಿದಾಗ 134 ಸೆಂ.ಮೀ. ಬಂದರೆ ಅದು ನಿಮ್ಮ ಅಳತೆಯ ಟ್ರೈಪಾಡ್. ಬೆಟ್ಟದ ಇಳಿಜಾರಿಗೆ ಇನ್ನೊಂದು ಐದಾರು ಜಾಸ್ತಿ ಇದ್ದರೆ ಒಳ್ಳೆಯದು.

‘ಗರಿಷ್ಠ ಎತ್ತರ 150’ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನು ನಂಬಬೇಡಿ. ಅದು ಸಾಮಾನ್ಯವಾಗಿ ನಡುವಿನ ಕಂಬವನ್ನು ಪೂರ್ತಿ ಎತ್ತಿದಾಗಿನ ಲೆಕ್ಕ. ಕಂಬ ಎತ್ತಿದರೆ ಮೂರು ಕಾಲಿನ ಮೇಲೆ ಒಂಟಿ ಕಾಲು ಇಟ್ಟ ಹಾಗೆ. ಒಲೆಗೆ ಮೂರೇ ಗುಂಡು ಯಾಕೆ ಇಡುತ್ತಾರೆ? ನೆಲ ಎಷ್ಟೇ ಏರುಪೇರು ಇದ್ದರೂ ಮೂರು ಗುಂಡಿನ ಮೇಲೆ ಮಡಕೆ ಕುಂಟುವುದಿಲ್ಲ. ಆ ಮಡಕೆಯ ಮೇಲೆ ಒಂದು ಕೋಲು ನಿಲ್ಲಿಸಿ, ಕೋಲಿನ ತುದಿಗೆ ಕ್ಯಾಮೆರಾ ಇಟ್ಟರೆ ಏನು ಲಾಭ ಹೇಳಿ.

ಇನ್ನು ಎಷ್ಟು ಹಂತದ ಕಾಲು, ಅಂದರೆ ಒಂದರೊಳಗೊಂದು ಸೇರುವ ಎಷ್ಟು ಕೊಳವೆ. ಕೊಳವೆಯ ಗೋಡೆ ಅಷ್ಟೇ ದಪ್ಪ ಇದ್ದರೆ, ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನದ ಲೆಕ್ಕದಲ್ಲಿ ಇಳಿಯುತ್ತದೆ. ಮೇಲಿನ ಕೊಳವೆ 28 ಮಿ.ಮೀ., ಪ್ರತಿ ಹಂತಕ್ಕೆ 3 ಮಿ.ಮೀ. ಕಡಿಮೆ ಅಂತ ಇಟ್ಟುಕೊಳ್ಳಿ. ಮೂರನೇ ಹಂತ 22, ಮೇಲಿನದರ ಅರ್ಧದಷ್ಟು ಗಟ್ಟಿ. ನಾಲ್ಕನೆಯದು 19, ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಐದನೆಯದು 16, ಐದನೇ ಒಂದು ಭಾಗವೂ ಇಲ್ಲ. ಚಿಕ್ಕದಾಗಿ ಮಡಚುವ ಐದು ಹಂತದ ಟ್ರಾವೆಲ್ ಟ್ರೈಪಾಡ್‌ಗಳು ಪೂರ್ತಿ ಬಿಚ್ಚಿದಾಗ ಯಾಕೆ ನಡುಗುತ್ತವೆ ಅಂದರೆ ಇದಕ್ಕೇ. ಮೂರು ಹಂತದ್ದು ತಗೊಳ್ಳಿ. ಮೂರು ಆಗದಿದ್ದರೆ ನಾಲ್ಕು. ಐದು ಬೇಡ.

ಕಾಲು ಬಿಚ್ಚುವಾಗ ಮೊದಲು ಮೇಲಿನ ದಪ್ಪ ಹಂತ, ಕೊನೆಗೆ ತೆಳ್ಳಗಿನದು. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ, ಬಗ್ಗಿದಾಗ ಕೈಗೆ ಮೊದಲು ಸಿಗುವುದು ಕೆಳಗಿನ ಲಾಕ್ ಅಲ್ವಾ.

ಬಸವನಗುಡಿ ಬಾಲ್ಕನಿ
ಸೋಮವಾರ, ಮಧ್ಯಾಹ್ನ 1:15

ಒಲೆಗುಂಡಿನ ಉದಾಹರಣೆ ಚೆನ್ನಾಗಿದೆ, ಅಮ್ಮನಿಗೆ ಓದಿ ಹೇಳಿದೆ. ಕಾರ್ಬನ್ ಫೈಬರ್ ಬಗ್ಗೆ ಯಾರೂ ಏನೂ ಹೇಳಲಿಲ್ಲ? ಆಮೇಲೆ ‘8 ಕೆ.ಜಿ. ತಡೆಯುತ್ತದೆ’, ‘12 ಕೆ.ಜಿ. ತಡೆಯುತ್ತದೆ’ ಅಂತೆಲ್ಲ ಬರೆದಿರುತ್ತಾರಲ್ಲ. ನನ್ನ ಕ್ಯಾಮೆರಾ ಒಂದೂವರೆ ಕೆ.ಜಿ. ಆದರೆ ನಾಲ್ಕು ಕೆ.ಜಿ.ಯದು ಸಾಕಾಗುವುದಿಲ್ಲವಾ?

ಲೆಕ್ಕದ ಮನುಷ್ಯ
ಸೋಮವಾರ, ಮಧ್ಯಾಹ್ನ 1:50

ಆ ಕೆ.ಜಿ. ಲೆಕ್ಕವನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಅಳೆಯುವುದಿಲ್ಲ. ಒಂದು ಕಂಪನಿಯ 8ಕ್ಕೂ ಇನ್ನೊಂದರ 8ಕ್ಕೂ ಸಂಬಂಧ ಇಲ್ಲ. ಅದು ಮುರಿಯದೆ ಹೊರುವ ತೂಕ, ನಡುಗದೆ ನಿಲ್ಲುವ ತೂಕ ಅಲ್ಲ. ನಿಮ್ಮ ಸಾಮಾನಿನ ಮೂರು ಪಟ್ಟು ಅಂತ ಇಟ್ಟುಕೊಂಡು ಮುಂದೆ ಹೋಗಿ, ಆ ಅಂಕಿಯನ್ನು ಅಲ್ಲಿಗೇ ಮರೆತುಬಿಡಿ.

ಕಾರ್ಬನ್ ಫೈಬರ್ ಟ್ರೈಪಾಡನ್ನು ಗಿಟ್ಝೋ ಕಂಪನಿ 1994ರಲ್ಲಿ ಮೊದಲು ತಂದಿತು. ತೂಕ ಕಡಿಮೆ, ನಡುಕ ಬೇಗ ಅಡಗುತ್ತದೆ. ಮ್ಯಾನ್‌ಫ್ರೊಟೊ ಕಂಪನಿಯ 055 ಮಾದರಿಯ ಮೂರು ಹಂತದ್ದನ್ನೇ ನೋಡಿ. ಅಲ್ಯೂಮಿನಿಯಂ ಸುಮಾರು 2.5 ಕೆ.ಜಿ., ಕಾರ್ಬನ್ ಸುಮಾರು 2. ಅರ್ಧ ಕೆ.ಜಿ. ಉಳಿಸಲು ಎಷ್ಟು ಕೊಡಬಹುದು ಅನ್ನುವುದು ನಿಮ್ಮ ಭುಜಕ್ಕೆ ಬಿಟ್ಟಿದ್ದು. 15 ಸಾವಿರದ ಒಳಗೆ, ಕಾಲೂ ಹೆಡ್ಡೂ ಸೇರಿ, ಕಾರ್ಬನ್ ಬೇಕು ಅಂದರೆ ಬೇರೆ ಎಲ್ಲದರಲ್ಲೂ ಕೊರತೆ ಮಾಡಿರುತ್ತಾರೆ. ನಾನಾದರೆ ಒಳ್ಳೆಯ ಅಲ್ಯೂಮಿನಿಯಂ ತಗೊಳ್ಳುತ್ತೇನೆ.

ಮದುವೆ ಮನೆ
ಸೋಮವಾರ, ಸಂಜೆ 6:30

ನಾನು ಮದುವೆ ವಿಡಿಯೊ ಮಾಡುವವನು. ನಮ್ಮದು ವಿಡಿಯೊಗೆ ನಯವಾಗಿ ತಿರುಗುವ ಫ್ಲೂಯಿಡ್ ಹೆಡ್, ಅದು ನಿಮಗೆ ಬೇಡ. ಆದರೆ ಲಾಕ್ ಬಗ್ಗೆ ಹೇಳುತ್ತೇನೆ. ತಿರುಗಿಸುವ ಲಾಕ್ ನೋಡಲು ನೀಟಾಗಿದೆ. ಆದರೆ ಗಟ್ಟಿಯಾಗಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಎತ್ತಿ ಹಾಕುವ ಕ್ಲಿಪ್ ಲಾಕ್ ದೂರದಿಂದಲೇ ಕಾಣುತ್ತದೆ. ಒಂದು ಮುಹೂರ್ತದಲ್ಲಿ ನಮ್ಮ ಹುಡುಗ ತಿರುಗಿಸುವ ಲಾಕ್ ಅರ್ಧಕ್ಕೇ ಬಿಟ್ಟಿದ್ದ. ಗಟ್ಟಿಮೇಳ ಅನ್ನುವ ಹೊತ್ತಿಗೆ ಕ್ಯಾಮೆರಾ ನಿಧಾನಕ್ಕೆ ಕೂತುಕೊಂಡಿತು. ತಾಳಿ ಕಟ್ಟುವುದು ಬಿಟ್ಟು ಪುರೋಹಿತರ ಪಂಚೆ ರೆಕಾರ್ಡ್ ಆಗಿದೆ.

ಹಕ್ಕಿ ಹಿಂದೆ
ಸೋಮವಾರ, ಸಂಜೆ 7:00

ಹ್ಹ ಹ್ಹ. ಆದರೂ ನನ್ನ ವೋಟು ತಿರುಗಿಸುವ ಲಾಕ್‌ಗೇ. ಕ್ಲಿಪ್ ಹುಲ್ಲಿಗೆ, ಬೇಲಿಗೆ ಸಿಕ್ಕಿಕೊಳ್ಳುತ್ತದೆ. ವರ್ಷ ಕಳೆದರೆ ಸಡಿಲ ಆಗುತ್ತದೆ, ಸಣ್ಣ ಕೀ ಹಾಕಿ ಬಿಗಿ ಮಾಡುತ್ತಾ ಇರಬೇಕು. ತಿರುಗಿಸುವ ಲಾಕ್‌ನ ಒಂದೇ ಶತ್ರು ಮರಳು. ಮರವಂತೆ ಬೀಚಿನಲ್ಲಿ ಅಲೆಯೊಳಗೆ ನಿಲ್ಲಿಸಿ, ವಾಪಸ್ ಬಂದು ಹಾಗೇ ಮೂಲೆಗಿಟ್ಟೆ. ವಾರದ ಮೇಲೆ ತಿರುಗಿಸಿದರೆ ಕರ್ ಕರ್ ಅನ್ನುತ್ತದೆ. ಉಪ್ಪುನೀರು ತಾಗಿದ ದಿನವೇ ಸಿಹಿನೀರಲ್ಲಿ ತೊಳೆದು, ಕಾಲು ಬಿಚ್ಚಿ ಒಣಗಿಸಬೇಕು.

ಕೈಯೇ ಸಾಕು
ಸೋಮವಾರ, ರಾತ್ರಿ 8:45

ತೊಳೆಯಬೇಕು, ಒಣಗಿಸಬೇಕು, ಕೀ ಹಾಕಬೇಕು. ಇದು ಟ್ರೈಪಾಡಾ, ಹಸುವಾ?

ಸೆಕೆಂಡ್ ಹ್ಯಾಂಡ್ ಸರದಾರ
ಸೋಮವಾರ, ರಾತ್ರಿ 9:30

ತಡವಾಗಿ ಬಂದೆ. ಮೇಡಂ, ನೀವು ಒಂದು ಟ್ರೈಪಾಡ್ ಕೇಳುತ್ತಿದ್ದೀರಿ. ನಿಮಗೆ ಬೇಕಾದ್ದು ಒಂದು ಜೊತೆ ಕಾಲು, ಎರಡು ಹೆಡ್. ಸ್ಟುಡಿಯೋ ಅಣ್ಣನೂ ಹಕ್ಕಿಯವರೂ ಹೊಡೆದಾಡುತ್ತಿರುವುದು ಹೆಡ್‌ಗೆ. ಕಾಲಿನ ವಿಷಯದಲ್ಲಿ ಇಬ್ಬರೂ ಬೇರೆ ಏನೂ ಹೇಳಿಲ್ಲ.

ಕಾಲಿಗೂ ಹೆಡ್‌ಗೂ ನಡುವೆ ಇರುವುದು 3/8 ಇಂಚಿನ ಸ್ಕ್ರೂ. ಕ್ಯಾಮೆರಾದ ಅಡಿಯಲ್ಲಿರುವುದು 1/4 ಇಂಚಿನದು. ಈ ಎರಡು ಅಳತೆ ಬಹುತೇಕ ಎಲ್ಲ ಕಂಪನಿಗೂ ಒಂದೇ. ಹಾಗಾಗಿ ಸಾಮಾನ್ಯವಾಗಿ ಯಾರ ಕಾಲಿಗೆ ಯಾರ ಹೆಡ್ ಬೇಕಾದರೂ ಕೂರುತ್ತದೆ. ಸೀರೆ ಇದ್ದ ದಿನ ತ್ರೀ-ವೇ, ಬೆಟ್ಟಕ್ಕೆ ಹೋಗುವ ದಿನ ಬಾಲ್. ಬದಲಾಯಿಸಲು ಒಂದು ನಿಮಿಷ. ಹೆಡ್ ಬಿಚ್ಚಲು ಬಾರದ, ಒಂದೇ ಅಚ್ಚಿನಲ್ಲಿ ಬರುವ ಟ್ರೈಪಾಡ್ ಮಾತ್ರ ಬೇಡವೇ ಬೇಡ. ನಿಮ್ಮ ಹಳೆಯದು ಅಂಥದ್ದೇ ಇರಬೇಕು.

ನಿಮ್ಮ ಬಜೆಟ್ಟಿಗೆ ಇದೆಲ್ಲ ಹೊಸದು ಕಷ್ಟ. ಹಳೆಯದು ನೋಡಿ. ಟ್ರೈಪಾಡಿನಲ್ಲಿ ಕೆಡಲು ಸೆನ್ಸರ್ ಇಲ್ಲ, ಬ್ಯಾಟರಿ ಇಲ್ಲ. ಮೇಲೆ ಹೇಳಿದರಲ್ಲ, 055, ಅದರ ಎಕ್ಸ್‌ಪ್ರೊ ಮಾದರಿಗಳಲ್ಲಿ ನಡುವಿನ ಕಂಬವನ್ನು ಅಡ್ಡಕ್ಕೂ ತಿರುಗಿಸಬಹುದು. ಜುಮುಕಿಯನ್ನು ನೆತ್ತಿಯ ಮೇಲಿಂದ ತೆಗೆಯಲು ಅದಕ್ಕಿಂತ ಒಳ್ಳೆಯದು ಇಲ್ಲ. ಹಾಗೆ ಅಡ್ಡ ತಿರುಗಿಸಿದಾಗ ಕ್ಯಾಮೆರಾ ಇರುವ ಕಡೆಗೇ ಒಂದು ಕಾಲು ಬರಲಿ, ಇನ್ನೊಂದು ಬದಿಗೆ ತೂಕ ಕಟ್ಟಿ. ಇಲ್ಲದಿದ್ದರೆ ಮಗುಚುತ್ತದೆ. ಕೆಟ್ಟದ್ದೇನು ಅಂದರೆ ಮಡಚಿದರೂ 61 ಸೆಂ.ಮೀ. ಇರುತ್ತದೆ.

ಬಸವನಗುಡಿ ಬಾಲ್ಕನಿ
ಮಂಗಳವಾರ, ಬೆಳಗ್ಗೆ 8:10

ಕಾಲು ಒಂದು, ಹೆಡ್ ಎರಡು. ಇದು ನನಗೆ ಹೊಳೆದೇ ಇರಲಿಲ್ಲ. ಹಳೆಯದು ನೋಡಲು ಹೋದಾಗ ಏನು ಪರೀಕ್ಷೆ ಮಾಡಬೇಕು? ಎದುರಿಗೆ ನಿಂತು ನನಗೆ ಏನೂ ಗೊತ್ತಾಗುವುದಿಲ್ಲ, ಚೆನ್ನಾಗಿದೆ ಅಂತ ತಲೆ ಆಡಿಸಿ ಬಂದುಬಿಡುತ್ತೇನೆ.

ಸೆಕೆಂಡ್ ಹ್ಯಾಂಡ್ ಸರದಾರ
ಮಂಗಳವಾರ, ಬೆಳಗ್ಗೆ 9:00

ಮೂರೂ ಕಾಲು ಪೂರ್ತಿ ಬಿಚ್ಚಿ. ಮೇಲಿನ ತಟ್ಟೆಯ ಮೇಲೆ ಎರಡು ಕೈ ಇಟ್ಟು ಭಾರ ಬಿಡಿ. ಯಾವ ಕಾಲೂ ಜಾರಬಾರದು. ಆಮೇಲೆ ಅದೇ ತಟ್ಟೆ ಹಿಡಿದು, ಬಾಟಲಿ ಮುಚ್ಚಳ ತೆಗೆಯುವ ಹಾಗೆ ತಿರುಚಿ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಕೆಳಕ್ಕೆ ಒತ್ತಿದರೆ ಎಲ್ಲ ಟ್ರೈಪಾಡೂ ಗಟ್ಟಿ ಅನ್ನಿಸುತ್ತದೆ, ತಿರುಚಿದಾಗ ಬಣ್ಣ ಬಯಲಾಗುತ್ತದೆ. ಕಾಲು ಸೇರುವ ಜಾಗದಲ್ಲಿ ಕಟ ಕಟ ಅಂದರೆ ಕೀ ಹಾಕಿ ಬಿಗಿ ಮಾಡಿ ನೋಡಿ. ಆಗಲೂ ನಿಲ್ಲದಿದ್ದರೆ ಬಿಟ್ಟುಬಿಡಿ.

ನಿಮ್ಮ ಕ್ಯಾಮೆರಾನೂ ಒಯ್ಯಿರಿ. 70-300 ಹಾಕಿ, ಪೂರ್ತಿ ಜೂಮ್ ಮಾಡಿ, ಎದುರಿನ ಯಾವುದಾದರೂ ಬೋರ್ಡಿನ ಅಕ್ಷರಕ್ಕೆ ಫೋಕಸ್ ಮಾಡಿ. ಸ್ಕ್ರೀನಿನಲ್ಲಿ ಆ ಅಕ್ಷರ ದೊಡ್ಡದು ಮಾಡಿ ನೋಡುತ್ತಾ, ಕಾಲಿಗೆ ಬೆರಳಲ್ಲಿ ಒಂದು ಸಲ ಬಡಿಯಿರಿ. ಅಕ್ಷರ ಕುಣಿದು ನಿಲ್ಲಲು ಎಷ್ಟು ಹೊತ್ತು ಅಂತ ಎಣಿಸಿ. ಎರಡು ಮೂರು ಟ್ರೈಪಾಡ್ ಹೀಗೆ ನೋಡಿದರೆ ನಿಮಗೇ ವ್ಯತ್ಯಾಸ ಗೊತ್ತಾಗುತ್ತದೆ. ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಪರವಾಗಿಲ್ಲ.

ಹೆಡ್ ತಗೊಳ್ಳುವಾಗ ಪ್ಲೇಟ್, ಅಂದರೆ ಕ್ಯಾಮೆರಾದ ಅಡಿಗೆ ಸ್ಕ್ರೂ ಮಾಡಿ ಹೆಡ್‌ಗೆ ಕೂರಿಸುವ ತಗಡು, ಇದೆಯಾ ಅಂತ ಮೊದಲು ಕೇಳಿ. ಮ್ಯಾನ್‌ಫ್ರೊಟೊದ ಹಳೆಯ ಹೆಡ್‌ಗಳಲ್ಲಿ ಅವರದೇ ಆರ್‌ಸಿ2 ಪ್ಲೇಟ್. ಈಗಿನ ಬಾಲ್ ಹೆಡ್‌ಗಳಲ್ಲಿ ಬಹುತೇಕ ಆರ್ಕಾ ಮಾದರಿ. ಇದರದ್ದು ಅದಕ್ಕೆ ಕೂರುವುದಿಲ್ಲ.

ಹಳೇ ಸ್ಟುಡಿಯೋ
ಮಂಗಳವಾರ, ಬೆಳಗ್ಗೆ 11:20

ಸರದಾರರು ಸರಿಯಾಗಿ ಹೇಳಿದರು. ಎರಡು ಹೆಡ್ ಇದ್ದರೆ ನನಗೂ ತಕರಾರಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ರೂಮು ಮಹಡಿ ಮೇಲೆ ಅಂದಿರಿ. ಮನೆ ಮುಂದೆ ಬಸ್ ಓಡಾಡುತ್ತದಾ?

ಬಸವನಗುಡಿ ಬಾಲ್ಕನಿ
ಮಂಗಳವಾರ, ಮಧ್ಯಾಹ್ನ 12:05

ಓಡಾಡುತ್ತದೆ ಸಾರ್. ಬಿಎಂಟಿಸಿ ಬಸ್ ಹಂಪ್ ಹಾರಿದರೆ ಶೋಕೇಸಿನ ಲೋಟ ಮಾತಾಡುತ್ತದೆ. ಯಾಕೆ?

ಹಳೇ ಸ್ಟುಡಿಯೋ
ಮಂಗಳವಾರ, ಮಧ್ಯಾಹ್ನ 12:30

ಹಾಗಾದರೆ ಲಕ್ಷ ರೂಪಾಯಿಯ ಟ್ರೈಪಾಡ್ ತಂದರೂ ಆ ಹೊತ್ತಿಗೆ ನಡುಗುತ್ತದೆ. ನೆಲವೇ ನಡುಗಿದರೆ ಅದೇನು ಮಾಡೀತು? ಹಳೆಯ ಮನೆಗಳ ಮಹಡಿಯಲ್ಲಿ ನೆಲದ ನಟ್ಟನಡುವೆ ಜಾಸ್ತಿ ಅದುರುತ್ತದೆ, ಗೋಡೆ ಪಕ್ಕ ಕಡಿಮೆ. ಟ್ರೈಪಾಡ್ ಗೋಡೆ ಹತ್ತಿರ ಇರಲಿ, ಸೀರೆ ನಡುವೆ ಬರಲಿ. ಶಟರ್ ಒತ್ತಿದ ಮೇಲೆ ನೀವೂ ಕದಲಬೇಡಿ. ಫ್ಯಾನ್ ಆಫ್ ಮಾಡಿ, ಅದರಿಂದ ನಡುಕಕ್ಕಿಂತ ಸೆರಗು ಹಾರುವ ತೊಂದರೆ. ಎರಡು ಸೆಕೆಂಡ್ ಟೈಮರ್ ಇಡಿ, ಬೆರಳಿನ ಅಲುಗಾಟ ಅಷ್ಟರಲ್ಲಿ ಅಡಗುತ್ತದೆ. ಬಸ್ ಹೋದ ಮೇಲೆ ಒತ್ತಿ.

ಮೊಸಾಯಿಕ್ ನೆಲಕ್ಕೆ ರಬ್ಬರ್ ಪಾದವೇ ಇರಲಿ. ಮೊಳೆಯ ಪಾದ ಮಣ್ಣಿಗೆ, ಹುಲ್ಲಿಗೆ. ಮೊಳೆ ಇಟ್ಟರೆ ಜಾರುತ್ತದೆ, ನೆಲಕ್ಕೂ ಗೀರು. ಅಮ್ಮ ಸುಮ್ಮನಿರುತ್ತಾರಾ?

ಕೈಯೇ ಸಾಕು
ಮಂಗಳವಾರ, ಮಧ್ಯಾಹ್ನ 2:00

ಬಸ್ ಹೋದ ಮೇಲೆ ಒತ್ತಿ ಅನ್ನುವುದು ಇಲ್ಲಿ ಬಂದ ಸಲಹೆಗಳಲ್ಲೇ ಅತ್ಯುತ್ತಮ. ಇದು ಪುಕ್ಕಟೆ ಕೂಡ.

ಒಂದು ನಿಜವಾದ ಅನುಮಾನ. ಟ್ರೈಪಾಡ್ ಮೇಲೆ ಇಟ್ಟಾಗ ಸ್ಟೆಬಿಲೈಸೇಶನ್ ಆಫ್ ಮಾಡಬೇಕು ಅನ್ನುತ್ತಾರೆ. ನನ್ನದು ಆನ್ ಇದ್ದರೂ ಚೆನ್ನಾಗಿಯೇ ಬರುತ್ತದೆ.

ಲೆಕ್ಕದ ಮನುಷ್ಯ
ಮಂಗಳವಾರ, ಮಧ್ಯಾಹ್ನ 2:25

ನಿಮ್ಮ ಲೆನ್ಸಿಗೆ ಟ್ರೈಪಾಡ್ ಮೇಲಿರುವುದು ತಾನೇ ಗೊತ್ತಾಗುತ್ತಿರಬಹುದು. ಕೆಲವಕ್ಕೆ ಗೊತ್ತಾಗುತ್ತದೆ, ಕೆಲವಕ್ಕೆ ಇಲ್ಲ. ಗೊತ್ತಾಗದಿದ್ದರೆ ಇಲ್ಲದ ನಡುಕವನ್ನು ಹುಡುಕಿಕೊಂಡು ತಾನೇ ಅಲುಗಾಡುತ್ತದೆ. ಉದ್ದನೆಯ ಎಕ್ಸ್‌ಪೋಶರ್‌ನಲ್ಲಿ ಅದು ಕಾಣುತ್ತದೆ. ಆಫ್ ಮಾಡಿದರೆ ಕಳೆದುಕೊಳ್ಳುವುದೇನೂ ಇಲ್ಲ. ಮತ್ತೆ ಆನ್ ಮಾಡಲು ಮರೆಯುತ್ತೇವೆ, ಅದೊಂದೇ ಕಷ್ಟ.

ಕನ್ನಡಿ ಇರುವ ಡಿಎಸ್‌ಎಲ್‌ಆರ್ ಬಳಸುವವರು ಹದಿನೈದನೇ ಒಂದು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಹುಷಾರಾಗಿರಿ. ಕನ್ನಡಿ ಏಳುವ ಹೊಡೆತ ಆ ಅವಧಿಯಲ್ಲೇ ಜಾಸ್ತಿ ಕಾಣುವುದು. ಹತ್ತು ಸೆಕೆಂಡಿನ ಫೋಟೊದಲ್ಲಿ ಆ ಹೊಡೆತ ಲೆಕ್ಕಕ್ಕೇ ಬರುವುದಿಲ್ಲ.

ಹಕ್ಕಿ ಹಿಂದೆ
ಮಂಗಳವಾರ, ರಾತ್ರಿ 8:15

ನಂದಿಬೆಟ್ಟದ ಗಾಳಿ ಬಗ್ಗೆ ಒಂದು ಮಾತು. 1,478 ಮೀಟರ್ ಎತ್ತರ, ಬೆಳಗಿನ ಜಾವ ಅಂಚಿನಲ್ಲಿ ನಿಂತರೆ ಟೋಪಿ ನಿಲ್ಲುವುದಿಲ್ಲ. ಎಲ್ಲರೂ ಟ್ರೈಪಾಡಿನ ಕೊಕ್ಕೆಗೆ ಬ್ಯಾಗ್ ನೇತು ಹಾಕಿ ಅನ್ನುತ್ತಾರೆ. ನೇತು ಹಾಕಿದ ಬ್ಯಾಗ್ ಗಾಳಿಗೆ ಉಯ್ಯಾಲೆ ಆಡಿ ಇನ್ನೂ ಕೆಡಿಸುತ್ತದೆ. ಬ್ಯಾಗಿನ ತಳ ನೆಲಕ್ಕೆ ತಾಗಿರಬೇಕು, ಪಟ್ಟಿ ಮಾತ್ರ ಬಿಗಿ ಇರಬೇಕು. ಕ್ಯಾಮೆರಾದ ಕುತ್ತಿಗೆ ಪಟ್ಟಿಯನ್ನೂ ತೆಗೆದುಬಿಡಿ, ಅದು ಬಾವುಟದ ಥರ ಪಟಪಟ ಹೊಡೆದುಕೊಳ್ಳುತ್ತದೆ. ಇಳಿಜಾರಿನಲ್ಲಿ ಎರಡು ಕಾಲು ಕೆಳಗಿನ ಕಡೆ, ಒಂದು ಮೇಲಿನ ಕಡೆ. ಪೂರ್ತಿ ಎತ್ತರಕ್ಕೆ ಬಿಚ್ಚದೆ, ಮಂಡಿಯೂರಿ ಕೂತು ತೆಗೆದರೆ ಅರ್ಧ ಸಮಸ್ಯೆ ಹೋಯಿತು.

ಮದುವೆ ಮನೆ
ಮಂಗಳವಾರ, ರಾತ್ರಿ 9:10

ಅನುಮತಿ ವಿಷಯ ಯಾರೂ ಎತ್ತಲಿಲ್ಲ. ಬೇಲೂರು, ಹಳೇಬೀಡು, ಹಂಪಿ ಥರದ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕ್ಯಾಮೆರಾ ಕೈಯಲ್ಲಿದ್ದರೆ ಸರಿ. ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಪಡೆದಿರಬೇಕು. ಊರಲ್ಲೂ ಅಷ್ಟೇ, ಒಂದು ಪಾರ್ಕಿನಲ್ಲಿ ನಾನು ಬರೀ ಮರದ ಫೋಟೊಗೆ ಕಾಲು ಬಿಚ್ಚಿದ್ದಕ್ಕೆ ವಾಚ್‌ಮ್ಯಾನ್ ಬಂದು ‘ಶೂಟಿಂಗಾ ಸಾರ್? ಹೀರೋ ಯಾರು?’ ಅಂದ. ಮೂರು ಕಾಲು ಕಂಡರೆ ಸಿನಿಮಾ ಅಂತಲೇ ಲೆಕ್ಕ. ಹೋಗುವ ಮುಂಚೆ ಕೇಳಿಕೊಳ್ಳಿ.

ಕೈಯೇ ಸಾಕು
ಮಂಗಳವಾರ, ರಾತ್ರಿ 9:14

ಕೈಗೆ ಯಾರೂ ಅನುಮತಿ ಕೇಳುವುದಿಲ್ಲ. ಅಷ್ಟೇ ಹೇಳಿ ಹೋಗುತ್ತೇನೆ.

ಬಸವನಗುಡಿ ಬಾಲ್ಕನಿ
ಹದಿನೆಂಟು ದಿನದ ನಂತರ, ಶನಿವಾರ, ಸಂಜೆ 5:40

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ತಗೊಂಡೆ. ವರದಿ ಒಪ್ಪಿಸುತ್ತೇನೆ.

ಒಬ್ಬರ ಹತ್ತಿರ ಹಳೆಯ ಮೂರು ಹಂತದ ಅಲ್ಯೂಮಿನಿಯಂ 055 ಸಿಕ್ಕಿತು, ಜೊತೆಗೆ ತ್ರೀ-ವೇ ಹೆಡ್. ಎರಡೂ ಸೇರಿ ಹತ್ತೂವರೆ ಸಾವಿರ. ಬಾಲ್ ಹೆಡ್ ಹೊಸದು, ನಾಲ್ಕು ಸಾವಿರ. ನಾನು ತಟ್ಟೆ ಹಿಡಿದು ತಿರುಚಿದಾಗ ಮಾರುವವರು ‘ಯಾರು ಹೇಳಿಕೊಟ್ಟರು ಮೇಡಂ’ ಅಂದರು. ಒಂದು ಕಾಲು ಕಟ ಕಟ ಅಂದಿತು. ಅವರೇ ಕೀ ತಂದು ಬಿಗಿ ಮಾಡಿದರು, ಸುಮ್ಮನಾಯಿತು. ಅದೇ ನೆಪದಲ್ಲಿ ಐನೂರು ಕಡಿಮೆ ಮಾಡಿಸಿದ್ದೂ ಹತ್ತೂವರೆಯಲ್ಲೇ ಸೇರಿದೆ.

ಪ್ಲೇಟಿನ ಗೋಳು ನೀವು ಹೇಳಿದ ಹಾಗೇ ಆಯಿತು. ತ್ರೀ-ವೇದು ಆರ್‌ಸಿ2, ಬಾಲ್‌ದು ಆರ್ಕಾ. ಮೊದಲ ದಿನ ಎರಡು ಸಲ ಬಿಚ್ಚಿ ಹಾಕಿ ಸಾಕಾಯಿತು. ಆಮೇಲೆ ಒಂದು ಸಣ್ಣ ಆರ್ಕಾ ಕ್ಲಾಂಪ್ ತಂದು, ಅದನ್ನೇ ಆರ್‌ಸಿ2 ಪ್ಲೇಟಿನ ಸ್ಕ್ರೂಗೆ ಕೂರಿಸಿ ತ್ರೀ-ವೇ ಮೇಲೆ ಖಾಯಂ ಇಟ್ಟುಬಿಟ್ಟೆ. ಈಗ ಕ್ಯಾಮೆರಾದ ಅಡಿಯಲ್ಲಿ ಒಂದೇ ಪ್ಲೇಟ್, ಎರಡು ಹೆಡ್‌ಗೂ ಆಗುತ್ತದೆ.

ಸೀರೆ ಕೆಲಸ ಮಾತ್ರ ಬೇರೆ ಲೋಕವೇ ಆಗಿದೆ. ಗೋಡೆ ಪಕ್ಕ ನಿಲ್ಲಿಸಿ ನೆಲಕ್ಕೆ ಟೇಪ್ ಹಾಕಿದೆ. ಕಳೆದ ಶನಿವಾರ 38 ಸೀರೆ, ಊಟಕ್ಕೆ ಮುಂಚೆ ಮುಗಿಯಿತು. ಕ್ರಾಪ್ ಮಾಡುವ ಕೆಲಸವೇ ಇಲ್ಲ. ಜುಮುಕಿಗೆ ಕಂಬ ಅಡ್ಡ ತಿರುಗಿಸಿ, ಇನ್ನೊಂದು ಬದಿಗೆ ಎರಡು ಕೆ.ಜಿ. ತೊಗರಿಬೇಳೆ ಚೀಲ ಕಟ್ಟಿದೆ. ಬಸ್‌ಗಳ ಟೈಮು ಈಗ ಕಂಡಕ್ಟರ್‌ಗಿಂತ ಚೆನ್ನಾಗಿ ನನಗೆ ಗೊತ್ತು.

ಹೊರಗಡೆ ಅಷ್ಟು ಸುಖ ಇಲ್ಲ, ನಿಜ ಹೇಳುತ್ತೇನೆ. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಅಡ್ಡ ಇಟ್ಟರೆ 61 ಸೆಂ.ಮೀ. ಎರಡೂ ಕಡೆ ಚಾಚಿಕೊಳ್ಳುತ್ತದೆ, ಹೆಡ್ ಬೇರೆ ಸೇರಿದರೆ ಕೇಳಲೇಬೇಡಿ. ಬೆನ್ನಿಗೆ ಕಟ್ಟಿಕೊಂಡು ಹೋದೆ. ನಂದಿಯಲ್ಲಿ ಫೋಟೊ ಚೆನ್ನಾಗಿ ಬಂದವು. ಕಂಬ ಎತ್ತಲಿಲ್ಲ, ಪಟ್ಟಿ ತೆಗೆದಿದ್ದೆ, ಮಂಜಿನಲ್ಲಿ ಎರಡು ಸೆಕೆಂಡಿನ ಫೋಟೊ ಕೂಡ ಕಲ್ಲಿನ ಹಾಗೆ ನಿಂತಿದೆ. ಆದರೆ ಭುಜ ಎರಡು ದಿನ ನೋವು. ಮುಂದಿನ ಭಾನುವಾರ ಹೆಸರಘಟ್ಟಕ್ಕೆ ಟ್ರೈಪಾಡ್ ಬಿಟ್ಟು ಬಟ್ಟೆ ಚೀಲ ಒಯ್ದೆ. ಅಕ್ಕಿ ಇರಲಿಲ್ಲ, ರಾಗಿ ತುಂಬಿದೆ. ಬೇಲಿಯ ಕಲ್ಲುಕಂಬದ ಮೇಲೆ ಚೆನ್ನಾಗಿ ಕೂತುಕೊಂಡಿತು.

ಹಕ್ಕಿ ಹಿಂದೆ
ಶನಿವಾರ, ಸಂಜೆ 6:05

ರಾಗಿ ಅಕ್ಕಿಗಿಂತ ಒಳ್ಳೆಯದು, ಸಣ್ಣ ಕಾಳು, ಲೆನ್ಸಿನ ಆಕಾರಕ್ಕೆ ಬಗ್ಗುತ್ತದೆ. ಚೀಲದ ಹೊಲಿಗೆ ಮಾತ್ರ ನೋಡಿಕೊಳ್ಳಿ. ನನ್ನದು ಒಮ್ಮೆ ಬಿಚ್ಚಿಕೊಂಡು, ತೆಗೆಯಲು ಹೋದ ಹಕ್ಕಿಗಳಿಗೇ ಊಟ ಹಾಕಿ ಬಂದೆ.

ಲೆಕ್ಕದ ಮನುಷ್ಯ
ಶನಿವಾರ, ಸಂಜೆ 6:20

ಕಂಬ ಎತ್ತದೆ ನಿಮಗೆ ಎತ್ತರ ಸಾಕಾಯಿತಾ? 055ರಲ್ಲಿ 140 ಬರುತ್ತದೆ, ನಿಮಗೆ ಬೇಕಿದ್ದದ್ದು 134.

ಬಸವನಗುಡಿ ಬಾಲ್ಕನಿ
ಶನಿವಾರ, ಸಂಜೆ 6:31

ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕೆಳಗಿನ ಹಂತ ಸ್ವಲ್ಪ ಒಳಗೇ ಉಳಿಯುತ್ತದೆ.

ಹೊಸ ಸಮಸ್ಯೆ ಒಂದಿದೆ. ಆ ಅಡ್ಡ ಕಂಬ ಅತ್ತಿಗೆಗೆ ಬಹಳ ಇಷ್ಟವಾಗಿದೆ. ಇಸ್ತ್ರಿ ಮಾಡಿದ ಸೀರೆಗಳನ್ನು ಈಗ ಅದರ ಮೇಲೇ ಹಾಕುತ್ತಾರೆ.

ಹಳೇ ಸ್ಟುಡಿಯೋ
ಶನಿವಾರ, ಸಂಜೆ 7:10

ಹಾಕಲಿ ಬಿಡಮ್ಮ. ಬೇಳೆ ಚೀಲ ಮಾತ್ರ ಬಿಚ್ಚಬೇಡಿ ಅಂತ ಹೇಳಿ. ಕಾಂಜೀವರಂ ತೂಕ ಕ್ಯಾಮೆರಾಗಿಂತ ಜಾಸ್ತಿನೇ ಇರಬಹುದು.